ಬಿಟ್ಟಿ ರಾತ್ರಿಯ ಲೆಕ್ಕ

ಕಳೆದ ತಿಂಗಳ ಸಂಚಿಕೆಯಲ್ಲಿ ಪ್ರಕಟವಾದ ‘ಹದಿನಾಲ್ಕು ಸಾವಿರದಲ್ಲಿ ಮುಕ್ತಿನಾಥ’ ಎಂಬ ಲೇಖನವನ್ನು ನಮ್ಮ ಸಂಘದ ಅನೇಕ ಸದಸ್ಯರು ಕತ್ತರಿಸಿ ಇಟ್ಟುಕೊಂಡಿದ್ದಾರೆಂದು ಕೇಳಿದೆವು. ಇಬ್ಬರು ನಮ್ಮ ಮನೆಗೇ ಬಂದು, “ನೀವೂ ಆ ತಂಡದಲ್ಲಿದ್ದಿರಂತಲ್ಲ, ಬರೆದದ್ದೆಲ್ಲ ನಿಜವೇ?” ಎಂದು ವಿಚಾರಿಸಿದರು. ನಿಜ. ಬರೆದ ಒಂದು ಅಂಕಿಯೂ ಸುಳ್ಳಲ್ಲ. ಆದರೆ ಬರೆಯದೆ ಬಿಟ್ಟ ಅಂಕಿಗಳು ಕೆಲವಿವೆ. ಮುಂದಿನ ಬೇಸಿಗೆಗೆ ಇನ್ನೊಂದು ತಂಡ ಹೊರಡುವ ಮಾತು ನಡೆದಿರುವುದರಿಂದ ಅವನ್ನು ಇಲ್ಲಿ ಬರೆಯದೆ ನಮಗೆ ಗತ್ಯಂತರವಿಲ್ಲ. ಲೇಖಕ ಮಹಾಶಯರು ನಮಗಿಂತ ಹಿರಿಯರು, ಸಂಘಕ್ಕಾಗಿ ದುಡಿದವರು. ಅವರ ಮೇಲೆ ನಮಗೆ ವೈಯಕ್ತಿಕ ದ್ವೇಷವೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಅವರು ಮಾಡಿದ್ದನ್ನೆಲ್ಲ ನಾವೂ ಜೊತೆಯಲ್ಲಿದ್ದು ಮಾಡಿದ್ದೇವೆ.

ಲೇಖನದಲ್ಲಿ ಒಂದು ವಾಕ್ಯವಿದೆ. ದಾರಿಯಲ್ಲಿ ಜೀಪು ಕೆಟ್ಟು ನಿಂತಾಗ ಒಂದು ಹಳ್ಳಿಯ ಮನೆಯಲ್ಲಿ ಒಂಬತ್ತು ಜನರಿಗೆ ರಾತ್ರಿ ‘ಬಿಟ್ಟಿಯಾಗಿ’ ಕಳೆಯಿತು, ಇದನ್ನು ಇತರರೂ ಅನುಸರಿಸಬಹುದು, ಎಂಬ ಅರ್ಥದ ವಾಕ್ಯ. ನಮ್ಮ ತಕರಾರೆಲ್ಲ ಮುಖ್ಯವಾಗಿ ಈ ಒಂದು ವಾಕ್ಯದ ಮೇಲೆ.

ನಾವು ಹೋದದ್ದು 2023ರ ಅಕ್ಟೋಬರಿನಲ್ಲಿ, ನವರಾತ್ರಿಯ ದಿನಗಳಲ್ಲಿ. ಒಟ್ಟು ಹದಿನಾಲ್ಕು ಜನ. ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಗೋರಖಪುರ, ಅಲ್ಲಿಂದ ಸೋನೌಲಿಯ ಗಡಿ, ಗಡಿ ದಾಟಿದರೆ ಭೈರಹವಾ, ಅಲ್ಲಿಂದ ಬಸ್ಸಿನಲ್ಲಿ ಪೋಖರಾ. ವಿಮಾನವಿಲ್ಲ, ವೀಸಾ ಬೇಕಿಲ್ಲ. ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರ ಎಲ್‌ಟಿಸಿ ಭಾರತದ ಗಡಿಯ ಆಚೆ ನಡೆಯುವುದಿಲ್ಲವಾದ್ದರಿಂದ ಎರಡು ವರ್ಷ ಕೂಡಿಟ್ಟ ಹಣದಲ್ಲಿ, ಕಚೇರಿಯ ಅನುಮತಿ ಪಡೆದು, ತಾಯಿಯವರ ಬಹುದಿನದ ಆಸೆ ತೀರಿಸಲೆಂದು ಹೊರಟವರು ನಾವು. ಮನೆಯಾಕೆ, ಮಗಳು, ಎಪ್ಪತ್ತೊಂದು ವರ್ಷದ ತಾಯಿ, ನಾವು, ಹೀಗೆ ನಾಲ್ವರು. ಆದ್ದರಿಂದ ದುಡ್ಡಿನ ಸೊಕ್ಕಿನಿಂದ ಈ ಮಾತನ್ನಾಡುತ್ತಿದ್ದೇವೆಂದು ದಯವಿಟ್ಟು ಯಾರೂ ತಿಳಿಯಬಾರದು.

ಸಣ್ಣಪುಟ್ಟ ಅವಾಂತರಗಳು ಗಡಿಯಲ್ಲಿಯೇ ಶುರುವಾದವು. ನೂರು ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳ ಸರ್ಕಾರ 2018ರ ಡಿಸೆಂಬರಿನಲ್ಲಿ ನಿಷೇಧಿಸಿತ್ತು. ನಾವು ಹೋದಾಗ ಆ ನಿಷೇಧ ಜಾರಿಯಲ್ಲಿತ್ತು. ತಂಡದ ಹಣವೆಲ್ಲ ಐನೂರರ ನೋಟುಗಳಲ್ಲಿತ್ತು. ನಮ್ಮ ನೂರು ರೂಪಾಯಿಗೆ ಅವರ ನೂರ ಅರುವತ್ತು ರೂಪಾಯಿ ಎಂಬುದು 1993ರಿಂದ ನಿಗದಿಯಾದ ದರ. ಸೋನೌಲಿಯ ಬೀದಿಯಲ್ಲಿ ಐನೂರರ ನೋಟು ಮುರಿಸಿದವನು ಆ ದರವನ್ನು ನೋಡಿ ನಕ್ಕ. ಹೋಗಲಿ, ಇದು ನಮ್ಮ ನಮ್ಮ ಕಿಸೆಯ ನಷ್ಟ.

ಪೋಖರಾದಿಂದ ಜೋಮ್‌ಸೋಮ್‌ಗೆ ಪುಟ್ಟ ವಿಮಾನಗಳಿವೆ. ಇಪ್ಪತ್ತು ನಿಮಿಷದ ಹಾರಾಟ. ಕಾಳಿ ಗಂಡಕಿಯ ಕಣಿವೆಯಲ್ಲಿ ಬೆಳಗ್ಗೆ ಹತ್ತು ಹನ್ನೊಂದು ಗಂಟೆಯ ಮೇಲೆ ಎಂಥ ಗಾಳಿ ಏಳುತ್ತದೆಂದರೆ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ. ಮೋಡ ಕವಿದರೆ ಅದೂ ಇಲ್ಲ. ನಮ್ಮ ತಂಡ ಆ ಗೋಜಿಗೇ ಹೋಗದೆ ಎರಡು ಜೀಪು ಗೊತ್ತುಮಾಡಿತು. ಇದರಲ್ಲಿ ನಮಗೆ ಪೂರ್ಣ ಒಪ್ಪಿಗೆಯಿತ್ತು. ಬೇನಿ ಎಂಬ ಊರಿನವರೆಗೆ ದಾರಿ ಹೇಗೋ ಸಾಗುತ್ತದೆ. ಅಲ್ಲಿಂದ ಜೋಮ್‌ಸೋಮ್‌ವರೆಗಿನ ಸುಮಾರು 75 ಕಿಲೋಮೀಟರು ನದಿಯ ಪಕ್ಕದಲ್ಲಿ, ಬಂಡೆ ಕಡಿದು ಮಾಡಿದ ದಾರಿ. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಪಾತಾಳ. ತಾಯಿಯವರು ಬೇನಿ ಬಿಟ್ಟ ಮೇಲೆ ಕಣ್ಣು ಮುಚ್ಚಿಕೊಂಡವರು ವಿಷ್ಣುಸಹಸ್ರನಾಮವನ್ನು ಎರಡು ಸಲ ಮುಗಿಸಿದರು.

ಘಾಸಾ ಎಂಬ ಹಳ್ಳಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಜೀಪಿನ ಹಿಂದಿನ ಸ್ಪ್ರಿಂಗ್ ಪಟ್ಟಿ ಮುರಿಯಿತು. ಐದು ಜನರಿದ್ದ ಇನ್ನೊಂದು ಜೀಪು ಮುಂದೆ ಹೋಗಿಬಿಟ್ಟಿತ್ತು. ಗಂಟೆ ಸಂಜೆ ಐದೂವರೆ. ಕಣಿವೆಯಲ್ಲಿ ಬೇಗನೆ ಕತ್ತಲಾಗುತ್ತದೆ. ದಶಾಯಿಂ ಹಬ್ಬವಾದ್ದರಿಂದ ಮೆಕ್ಯಾನಿಕ್ಕುಗಳೆಲ್ಲ ಊರಿಗೆ ಹೋಗಿದ್ದಾರೆ, ಬೆಳಗ್ಗೆ ನೋಡೋಣ ಎಂದು ಚಾಲಕ ಕೈ ಆಡಿಸಿದ. ದಶಾಯಿಂ ಎಂದರೆ ನಮ್ಮ ದಸರೆಯೇ. ನೇಪಾಳದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಕಾಠ್ಮಂಡುವಿನಲ್ಲಿ, ಅರಬ್ ದೇಶಗಳಲ್ಲಿ ದುಡಿಯುವ ಮಕ್ಕಳೆಲ್ಲ ಆಗ ಮನೆಗೆ ಬರುತ್ತಾರೆ. ಹಬ್ಬಕ್ಕೆ ಊರಿಗೆ ಹೋಗಲು ಬಸ್ಸಿನ ಟಿಕೆಟಿಗೆ ಪರದಾಡುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದಾರಿಯ ಪಕ್ಕದಲ್ಲಿ ಕಲ್ಲಿನ ಒಂದು ಮನೆ. ಅದೇ ಭಟ್ಟಿ. ನಮ್ಮಲ್ಲಿ ಭಟ್ಟಿಯೆಂದರೆ ಸಾರಾಯಿ ಕಾಯಿಸುವ ಜಾಗ, ಆದ್ದರಿಂದ ತಂಡದ ಒಬ್ಬರು ಒಳಗೆ ಕಾಲಿಡಲೇ ಹಿಂಜರಿದರು. (ಹಾಗೆ ನೋಡಿದರೆ ಅಲ್ಲಿಯೂ ಮದ್ಯ ಸಿಗದೆ ಇಲ್ಲ.) ಆದರೆ ಆ ಸೀಮೆಯಲ್ಲಿ ಭಟ್ಟಿಯೆಂದರೆ ದಾರಿಹೋಕರ ಊಟದ ಮನೆ. ಹಿಂದೆ ಟಿಬೆಟ್ಟಿನ ಉಪ್ಪು ಕೆಳಗಿಳಿದು, ತೆರಾಯಿಯ ಧಾನ್ಯ ಮೇಲೇರುತ್ತಿದ್ದ ವ್ಯಾಪಾರದ ದಾರಿ ಇದು. ಆ ದಾರಿಯ ಉದ್ದಕ್ಕೂ ಥಕಾಲಿ ಜನರ ಹೆಂಗಸರು ಭಟ್ಟಿಗಳನ್ನು ನಡೆಸಿದರು. ಅವರ ಪದ್ಧತಿ ಬಹಳ ಸರಳ: ಊಟಕ್ಕೆ ದುಡ್ಡು, ಮಲಗಲು ಜಾಗ ಧರ್ಮಕ್ಕೆ. ಉಪ್ಪಿನ ವ್ಯಾಪಾರ ನಿಂತುಹೋದರೂ ಪದ್ಧತಿ ನಿಲ್ಲಲಿಲ್ಲ. ಇಂದಿಗೂ ಬೆಟ್ಟದ ಅನೇಕ ವಸತಿಗೃಹಗಳಲ್ಲಿ ಕೋಣೆಯ ಬಾಡಿಗೆ ಹೆಸರಿಗೆ ಮಾತ್ರ. ರಾತ್ರಿಯ ಊಟ ಮತ್ತು ಬೆಳಗಿನ ತಿಂಡಿಯನ್ನು ಅಲ್ಲಿಯೇ ಮಾಡಬೇಕೆಂಬುದು ಬರೆಯದ ಕರಾರು. ಅವರ ಲಾಭವೆಲ್ಲ ಅಡಿಗೆಯಲ್ಲಿ.

ಮನೆಯೊಡತಿ ಐವತ್ತರ ಆಸುಪಾಸಿನ ಹೆಂಗಸು. ಎಲ್ಲರೂ ಅವಳನ್ನು ದಿದಿ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಕೋಣೆಗಳೆಲ್ಲ ಭರ್ತಿಯಾಗಿದ್ದವು, ಹಬ್ಬಕ್ಕೆ ಬಂದ ನೆಂಟರು ಒಂದು ಕಡೆ, ಮೂವರು ವಿದೇಶೀ ಚಾರಣಿಗರು ಇನ್ನೊಂದು ಕಡೆ. ಅವಳು ತಾಯಿಯವರ ಮುಖ ನೋಡಿದಳು. ಒಂದು ಮಾತನ್ನೂ ಆಡದೆ ಊಟದ ಕೋಣೆಯ ಬೆಂಚುಗಳನ್ನು ಗೋಡೆಗೆ ಸರಿಸಿದಳು, ಜಮಖಾನೆ ಹಾಸಿದಳು. ಒಳಗಿನಿಂದ ದಪ್ಪ ರಜಾಯಿಗಳನ್ನು ತಂದು ಹಾಕಿದಳು. ನೆಂಟರ ಮಕ್ಕಳು ಹೊದ್ದುಕೊಂಡಿದ್ದ ರಜಾಯಿಯೂ ಅದರಲ್ಲೊಂದೆಂದು ಆಮೇಲೆ ನಮ್ಮ ಮಗಳು ಹೇಳಿದಳು.

ತಂಡದ ಹಿರಿಯರು ಹಿಂದಿಯಲ್ಲಿ ದರ ಕೇಳಿದರು. ಮಲಗುವುದಕ್ಕೆ ಏನೂ ಬೇಡ, ಊಟ ಮಾಡಿ ಎಂದಳು. “ಮಲಗೋಕೆ ದುಡ್ಡಿಲ್ಲವಂತ್ರೀ!” ಎಂದು ಅವರು ನಮ್ಮ ಕಡೆ ತಿರುಗಿ ಸಾರಿದರು. ಅವಳ ಮಾತಿನ ಉತ್ತರಾರ್ಧ ಅಲ್ಲಿಯೇ ಬಿದ್ದುಹೋಯಿತು. ನಮ್ಮ ಬಳಿ ಚಪಾತಿಯಿತ್ತು, ಶೇಂಗಾ ಚಟ್ನಿಯಿತ್ತು, ಗೊಜ್ಜವಲಕ್ಕಿ, ಬಿಸಿನೀರು ಸುರಿದರೆ ಆಗುವ ಪ್ಯಾಕೆಟ್ ಉಪ್ಪಿಟ್ಟು ಎಲ್ಲ ಇತ್ತು. ಆದ್ದರಿಂದ ಬರೀ ಬಿಸಿನೀರು ಕೇಳಿದೆವು. ಒಂದು ಸಲವಲ್ಲ, ಮೂರು ಸಲ. ಏಳು ಫ್ಲಾಸ್ಕುಗಳನ್ನು ಅವಳ ಒಲೆಯ ಮುಂದೆ ಸಾಲಾಗಿ ಇಟ್ಟಿದ್ದ ದೃಶ್ಯ ನಮಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಮ್ಮ ಪಾಲಿನ ತಪ್ಪನ್ನು ಇಲ್ಲಿ ಹೇಳಬೇಕು. ಒಳಗಿನಿಂದ ಅನ್ನದ ಘಮ ಬರುತ್ತಿತ್ತು. ತಾಯಿಯವರು ಮೆಲ್ಲನೆ, “ನಾಲ್ಕು ದಿನದಿಂದ ಅವಲಕ್ಕಿ ತಿಂದು ತಿಂದು ಬಾಯಿ ಒಣಗಿದೆಯಪ್ಪಾ, ಒಂದು ತುತ್ತು ಅನ್ನ ಹಾಕಿಸೋ” ಎಂದರು. ನಮ್ಮ ಕಿಸೆಯಲ್ಲಿ ದುಡ್ಡಿತ್ತು. ಆದರೂ ತಂಡದಲ್ಲಿ ಎಂಟು ಜನ ಒಂದು ರೀತಿ, ನಾವೊಬ್ಬರೇ ಒಂದು ರೀತಿ ಆಗಬಾರದೆಂಬ ದಾಕ್ಷಿಣ್ಯದಿಂದ, “ಈರುಳ್ಳಿ ಬೆಳ್ಳುಳ್ಳಿ ಏನು ಹಾಕಿರುತ್ತಾರೋ ಅಮ್ಮಾ” ಎಂದು ನೆವ ಹೇಳಿ ಅವಲಕ್ಕಿಯ ಬಟ್ಟಲನ್ನೇ ಮುಂದಿಟ್ಟೆವು. ಅರ್ಧ ಗಂಟೆಯ ಮೇಲೆ ದಿದಿ ಬಂದು ತಾಯಿಯವರ ಕೈ ಹಿಡಿದು ಒಲೆಯ ಪಕ್ಕ ಕೂರಿಸಿ, ಹಿತ್ತಾಳೆಯ ತಟ್ಟೆಯಲ್ಲಿ ಬಿಸಿ ಅನ್ನ, ಬೇಳೆ, ಮೇಲೆ ತುಪ್ಪ ಹಾಕಿ ಕೊಟ್ಟಳು. ಭಾಷೆ ಬೇಕಾಗಲಿಲ್ಲ. ತಾಯಿಯವರು ಎರಡನೆಯ ಸಲ ಹಾಕಿಸಿಕೊಂಡು ಉಂಡರು. ಬೆಳಗ್ಗೆ ಅದರ ದುಡ್ಡು ಕೊಡಲು ಹೋದರೆ ಅವಳು ನಾಲಿಗೆ ಕಚ್ಚಿಕೊಂಡು ತಲೆಯಾಡಿಸಿದಳು. ಕಳೆದ ತಿಂಗಳ ಲೇಖನದಲ್ಲಿ ‘ಒಬ್ಬರಿಗೆ ಊಟವೂ ಉಚಿತ’ ಎಂದು ಬರೆದಿದೆಯಲ್ಲ, ಆ ಒಬ್ಬರು ನಮ್ಮ ತಾಯಿ.

ಹೊರಡುವಾಗ ತಂಡದ ಪರವಾಗಿ ಹಿರಿಯರು ಐನೂರು ನೇಪಾಳಿ ರೂಪಾಯಿಯನ್ನು ಅವಳ ಕೈಯಲ್ಲಿಟ್ಟರು. ಅವಳು ನೋಟನ್ನು ನೋಡಲಿಲ್ಲ. ನಮ್ಮ ಮನೆಯಾಕೆಯನ್ನು ನೋಡಿ, “ಭಾತ್ ಖಾನುಭಯೇನ?” ಎಂದು ಕೇಳಿದಳು. ಅನ್ನ ಊಟ ಮಾಡಲಿಲ್ಲವಲ್ಲ, ಎಂದು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಈಗ ಲೆಕ್ಕ. ಗುಮಾಸ್ತರಿಗೆ ಲೆಕ್ಕ ಬಿಟ್ಟರೆ ಬೇರೆ ಶಾಸ್ತ್ರ ಗೊತ್ತಿಲ್ಲ. ಆ ದಾರಿಯ ಇತರ ಊರುಗಳಲ್ಲಿ ನಾವು ದಾಲ್‌ಭಾತಿಗೆ ಕೊಟ್ಟದ್ದು 550 ನೇಪಾಳಿ ರೂಪಾಯಿ, ಬೇಕಾದಷ್ಟು ಸಲ ಬಡಿಸುತ್ತಾರೆ. ಬೆಳಗಿನ ರೊಟ್ಟಿ, ಚಹಕ್ಕೆ 250. ಒಬ್ಬರಿಗೆ 800. ಒಂಬತ್ತು ಜನಕ್ಕೆ 7,200. ನಮ್ಮ ಹಣದಲ್ಲಿ 4,500 ರೂಪಾಯಿ. ತಲೆಗೆ ಐನೂರು! ಅದರ ಬದಲು ನಾವು ಕೊಟ್ಟದ್ದು ಒಂಬತ್ತು ಜನಕ್ಕೂ ಸೇರಿ ನಮ್ಮ 312 ರೂಪಾಯಿ. ಇದನ್ನು ಉಳಿತಾಯವೆಂದು ಬರೆದುಕೊಳ್ಳುವುದಾದರೆ, ಹೋಟೆಲಿನಲ್ಲಿ ಉಂಡು ಕೈ ತೊಳೆಯುವ ನೆವದಿಂದ ಹಿಂಬಾಗಿಲಲ್ಲಿ ಹೋದವನದೂ ಉಳಿತಾಯವೇ.

ಬಿಸಿನೀರಿಗೆ ಏನು ಮಹಾ ಖರ್ಚು ಎಂದು ಕೇಳುವವರಿದ್ದಾರೆ. ನಾವು ಓದಿದ ಬಿಎಸ್ಸಿ ಕಚೇರಿಯಲ್ಲಿ ಯಾವ ಕೆಲಸಕ್ಕೂ ಬಂದಿಲ್ಲ, ಇಲ್ಲಿಯಾದರೂ ಬರಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಮುಕ್ತಿನಾಥದ ಸುಮಾರು 3,700 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿದುಬಿಡುತ್ತದೆ. ಕುದಿಯುತ್ತದೆ, ಆದರೆ ಬೇಳೆ ಬೇಯುವುದಿಲ್ಲ. ಕುಕ್ಕರ್ ಬೇಕು, ಹೆಚ್ಚು ಹೊತ್ತು ಬೇಕು, ಹೆಚ್ಚು ಉರುವಲು ಬೇಕು. ಆ ಉರುವಲು ಒಂದೋ ಬೆಟ್ಟದಿಂದ ಬೆನ್ನಮೇಲೆ ಹೊತ್ತು ತಂದ ಸೌದೆ, ಇಲ್ಲವೇ ನಮ್ಮ ಜೀಪು ಮುರಿದ ಅದೇ ದಾರಿಯಲ್ಲಿ ಬಂದ ಗ್ಯಾಸ್ ಸಿಲಿಂಡರು. ನೇಪಾಳಕ್ಕೆ ಗ್ಯಾಸ್ ಹೋಗುವುದು ನಮ್ಮ ದೇಶದಿಂದ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತು, ಮನೆ ಕಳೆದುಕೊಂಡವರು ತಗಡಿನ ಕೆಳಗೆ ಮಲಗಿದ್ದ ವರ್ಷವೇ ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿಗಳು ನಿಂತು ಆ ದೇಶದ ಒಲೆಗಳು ಆರಿದ್ದವು. ಹಾಗೆ ಒಲೆ ಆರಿದ್ದನ್ನು ಕಂಡ ಮನೆಯಲ್ಲಿ ಏಳು ಫ್ಲಾಸ್ಕಿಗೆ ಮೂರು ಸಲ ನೀರು ಕಾಯಿಸಿಕೊಂಡವರು ನಾವು.

ಲೇಖಕರು ‘ಧರ್ಮಛತ್ರದ ಸಂಪ್ರದಾಯ ನೇಪಾಳದಲ್ಲಿ ಇನ್ನೂ ಜೀವಂತ’ ಎಂದು ಹೊಗಳಿದ್ದಾರೆ. ಇಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕಲಸಿಹೋಗಿವೆ. ನೇಪಾಳದಲ್ಲಿ ದಾರಿಹೋಕರಿಗೆಂದು ಕಟ್ಟಿದ ಜಾಗಗಳು ನಿಜವಾಗಿಯೂ ಇವೆ. ದಾರಿಬದಿಯ ಜಗಲಿಯಂಥದು ಪಾಟಿ, ಅದಕ್ಕಿಂತ ದೊಡ್ಡದು ಸತ್ತಲ್, ಬೆಟ್ಟದ ದಾರಿಯಲ್ಲಿ ಪೌವಾ. ಮುಕ್ತಿನಾಥದ ಕೆಳಗೆ ನಾವೆಲ್ಲ ಇಳಿದುಕೊಳ್ಳುವ ಊರಿನ ಹೆಸರೇ ರಾಣಿಪೌವಾ. ಕಾಠ್ಮಂಡುವಿಗೆ ಆ ಹೆಸರು ಬಂದದ್ದೇ ಕಾಷ್ಠಮಂಡಪವೆಂಬ ಮರದ ಸತ್ತಲಿನಿಂದ. ಭೂಕಂಪದಲ್ಲಿ ಅದು ಪೂರ್ತಿ ಕುಸಿದಾಗ ಜನ ಮತ್ತೆ ಕಟ್ಟಿ ನಿಲ್ಲಿಸಿದರು. ಇವುಗಳ ಖರ್ಚಿಗೆ ಗುಠಿ ಎಂಬ ವ್ಯವಸ್ಥೆಯಿತ್ತು. ಯಾರೋ ಪುಣ್ಯಾತ್ಮರು ಜಮೀನು ಬಿಟ್ಟು, ಅದರ ಹುಟ್ಟುವಳಿಯಿಂದ ದುರಸ್ತಿ, ದೀಪ, ಪೂಜೆ ನಡೆಯುತ್ತಿತ್ತು. ನಮ್ಮ ಕಡೆಯ ಛತ್ರಗಳಿಗೆ ಉಂಬಳಿ ಬಿಟ್ಟ ಹಾಗೆ. ಅಲ್ಲಿ ಮಲಗಿದವನು ಬಿಟ್ಟಿ ಮಲಗಿದ್ದಲ್ಲ, ಅವನ ಪರವಾಗಿ ಮೊದಲೇ ದುಡ್ಡು ಸಂದಾಯವಾಗಿತ್ತು. ಘಾಸಾದ ದಿದಿಗೆ ಯಾರೂ ಉಂಬಳಿ ಬಿಟ್ಟಿಲ್ಲ. ಅವಳ ಉಂಬಳಿ ನಾವು ಉಣ್ಣಬೇಕಾಗಿದ್ದ ದಾಲ್‌ಭಾತು.

ಮಡಿ, ವ್ರತ, ಈರುಳ್ಳಿ ಬೆಳ್ಳುಳ್ಳಿಯ ಪ್ರಶ್ನೆ ಎತ್ತುವವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಮನೆಯಲ್ಲಿಯೂ ಏಕಾದಶಿಯಿದೆ. ಹೊರಗೆ ಉಣ್ಣದವರು ಉಣ್ಣಬೇಕಾಗಿಲ್ಲ. ಒಳಗೆ ಕಾಲಿಡುವಾಗಲೇ, “ಅಮ್ಮಾ, ನಾವು ನಿಮ್ಮಲ್ಲಿ ಉಣ್ಣುವಂತಿಲ್ಲ, ಜಾಗಕ್ಕೆ, ನೀರಿಗೆ ಎಷ್ಟು ಕೊಡೋಣ?” ಎಂದು ಕೇಳಿದರೆ ಮುಗಿಯಿತು. ಅವಳು ಒಪ್ಪಬಹುದು, ಹೆಚ್ಚು ಕೇಳಬಹುದು, ಬೇಡವೆನ್ನಬಹುದು. ಭಾರತೀಯರೆಂದರೆ ಎರಡು ಪಟ್ಟು ದರ ಹೇಳುತ್ತಾರೆಂಬ ದೂರೂ ಇದೆ. ಪೋಖರಾದಲ್ಲಿ ನಮಗೂ ಒಂದು ಕಡೆ ಹಾಗಾಯಿತು, ಅಲ್ಲಿ ಚೌಕಾಸಿ ಮಾಡಿದೆವು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಪೋಖರಾದ ಹೋಟೆಲಿನವನ ಸಿಟ್ಟನ್ನು ಘಾಸಾದ ಹೆಂಗಸಿನ ಮೇಲೆ ತೀರಿಸುವುದು ಯಾವ ನ್ಯಾಯ?

ಮುಂಬಯಿಯ ಕನ್ನಡಿಗರಾದ ನಮಗೆ ಇದು ತಿಳಿಯಲಿಲ್ಲವೆಂದರೆ ನಂಬುವವರು ಯಾರು? ಈ ನಗರದಲ್ಲಿ ನಮ್ಮವರು ನೆಲೆಯೂರಿದ್ದು ಎಷ್ಟೋ ಮಟ್ಟಿಗೆ ಅನ್ನ ಬಡಿಸಿಯೇ. ಉಡುಪಿ ಹೋಟೆಲುಗಳಲ್ಲಿ ಹಗಲು ತಟ್ಟೆ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಿದ ಹುಡುಗರು ಈ ಪತ್ರಿಕೆಯ ಓದುಗರ ಮನೆಗಳಲ್ಲಿ ಇಂದು ಅಜ್ಜಂದಿರಾಗಿದ್ದಾರೆ. ಹೊರಗಿನಿಂದ ತಂದ ಬುತ್ತಿಯನ್ನು ನಮ್ಮ ಮೇಜಿನ ಮೇಲೆ ಬಿಚ್ಚಿ, ಬರೀ ನೀರು ಕೇಳಿ, ಫ್ಯಾನಿನ ಕೆಳಗೆ ಎರಡು ಗಂಟೆ ಕುಳಿತುಹೋಗುವ ಗಿರಾಕಿಯನ್ನು ಅವರು ಏನೆಂದು ಕರೆಯುತ್ತಿದ್ದರೆಂಬುದನ್ನು ಅವರನ್ನೇ ಕೇಳಿ. ಅಚ್ಚುಹಾಕುವ ಮಾತಲ್ಲ.

ಇನ್ನೊಂದು ಅಂಶ. ಇದು ಲಜ್ಜೆಯದಲ್ಲ, ಪ್ರಾಣದ್ದು. ‘ಪೋಖರಾದಿಂದ ಒಂದೇ ದಿನದಲ್ಲಿ ರಾಣಿಪೌವಾ ತಲುಪಿ ಅಲ್ಲಿಯೇ ಮಲಗಿದರೆ ಜೋಮ್‌ಸೋಮಿನ ಒಂದು ರಾತ್ರಿಯ ಖರ್ಚು ಉಳಿಯುತ್ತದೆ’ ಎಂದು ಲೇಖನ ಬೋಧಿಸುತ್ತದೆ. ಪೋಖರಾ ಸುಮಾರು 820 ಮೀಟರ್ ಎತ್ತರದಲ್ಲಿದೆ, ರಾಣಿಪೌವಾ 3,700ರ ಹತ್ತಿರ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮುಂಬಯಿಯಲ್ಲಿ ಸಿಗುವುದರ ಮೂರನೆಯ ಎರಡು ಪಾಲು ಮಾತ್ರ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರು ಹೇಳುವ ನಿಯಮ. ಜೀಪು ಮುರಿದದ್ದರಿಂದ ನಾವು ಒಂದು ರಾತ್ರಿ ತಗ್ಗಿನಲ್ಲಿ ಮಲಗುವಂತಾಯಿತು. ನಿಜ ಹೇಳಬೇಕೆಂದರೆ ನಮ್ಮ ತಂಡವನ್ನು ಕಾಪಾಡಿದ್ದು ಆ ಮುರಿದ ಸ್ಪ್ರಿಂಗು. ಮುರಿಯದ ಜೀಪಿನಲ್ಲಿ ಅದೇ ಸಂಜೆ ಮೇಲೆ ಹೋಗಿ ಮಲಗಿದ ಐವರಲ್ಲಿ ಮೂವರು ರಾತ್ರಿಯೆಲ್ಲ ವಾಂತಿ ಮಾಡಿಕೊಂಡು, ತಲೆ ಸಿಡಿಯುತ್ತದೆಂದು ಗೋಳಾಡಿ, ನಾವು ಮರುದಿನ ಮಧ್ಯಾಹ್ನ ತಲುಪುವ ಹೊತ್ತಿಗೆ ದರ್ಶನವನ್ನೂ ಮಾಡದೆ ಕೆಳಗಿಳಿಯಲು ಗಾಡಿ ಹುಡುಕುತ್ತಿದ್ದರು. ಈ ಸಂಗತಿ ಲೇಖನದಲ್ಲಿ ‘ಕೆಲವರಿಗೆ ಆಹಾರ ಒಗ್ಗಲಿಲ್ಲ’ ಎಂದಾಗಿದೆ! ನಾವಾದರೂ ಜಾಣರಾದೆವೇ? ಇಲ್ಲ. ನಾವೂ ಆ ರಾತ್ರಿ ಮೇಲೆಯೇ ಮಲಗಿ, ಮನೆಯಾಕೆಗೆ ತಲೆನೋವು ಬಂದು, ಬೆಳಗಾಗುವವರೆಗೆ ಗಡಿಯಾರ ನೋಡುತ್ತ ಕುಳಿತೆವು. ತಾಯಿಯವರಿಗೆ ದೇವರ ದಯದಿಂದ ಏನೂ ಆಗಲಿಲ್ಲ. ದೇವರ ದಯವನ್ನು ಪ್ರವಾಸದ ಯೋಜನೆಯಲ್ಲಿ ಸೇರಿಸಿಕೊಳ್ಳುವುದು ಸರಿಯಲ್ಲ. ಎಪ್ಪತ್ತು ದಾಟಿದವರನ್ನು ಕರೆದೊಯ್ಯುವ ಮಕ್ಕಳು ಜೋಮ್‌ಸೋಮಿನಲ್ಲೋ ಕಾಗ್‌ಬೇನಿಯಲ್ಲೋ ಎರಡು ರಾತ್ರಿ ಮಲಗಿ, ಹಗಲು ಮೇಲೆ ಹೋಗಿ ನೂರೆಂಟು ಧಾರೆಯ ನೀರನ್ನು ತಲೆಗೆ ಚಿಮುಕಿಸಿಕೊಂಡು, ಸಂಜೆಗೆ ಇಳಿದುಬರಲಿ. ಹೊರಡುವ ಮುಂಚೆ ತಮ್ಮ ಡಾಕ್ಟರನ್ನೂ ಒಂದು ಮಾತು ಕೇಳಲಿ.

ಕಾಠ್ಮಂಡುವಿನ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರೆಂಬುದು ನಮಗೆಲ್ಲ ಹೆಮ್ಮೆ. ಆ ಹೆಮ್ಮೆಯನ್ನು ಹಾಸಿಗೆಯಾಗಿ ಬಳಸಿಕೊಳ್ಳುವ ಯೋಚನೆಯೊಂದು ರಾತ್ರಿ ಹತ್ತು ಗಂಟೆಗೆ ನಮ್ಮ ತಂಡದಲ್ಲಿ ಹುಟ್ಟಿತ್ತು. “ನಮ್ಮವರೇ ತಾನೇ, ಒಂದು ಮಾತು ಹೇಳಿಸಿದರೆ ಜಾಗ ಕೊಡದೆ ಹೋದಾರೆಯೇ?” ಎಂದು. ಹೆಂಗಸರು ಒಟ್ಟಾಗಿ ವಿರೋಧಿಸಿದ್ದರಿಂದ ಅದು ಅಲ್ಲಿಗೇ ನಿಂತಿತು. ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿ, ತಿಗಣೆಗಳ ಸಹವಾಸದಲ್ಲಿ, ದುಡ್ಡು ಕೊಟ್ಟು ಮಲಗಿದೆವು. ಅಂದಿನ ನಿದ್ದೆಯ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ.

ಕಡಿಮೆ ಖರ್ಚಿನಲ್ಲಿ ವಿದೇಶ ನೋಡಬಾರದೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ನಾವೇ ಮನೆಯಲ್ಲಿ ಕೂರಬೇಕಾದೀತು. ವಿಮಾನ ಬಿಡಿ, ಬಸ್ಸಿನಲ್ಲಿ ಹೋಗಿ. ಬಿಸಿನೀರಿನ ಸ್ನಾನ ಬಿಡಿ, ಒಂದೇ ಕೋಣೆಯಲ್ಲಿ ಆರು ಜನ ಮಲಗಿ. ಅವೆಲ್ಲ ನಮ್ಮ ಮೈಯನ್ನು ಹಿಂಡಿ ಉಳಿಸಿದ ದುಡ್ಡು, ಅದರ ಬಗ್ಗೆ ಎಷ್ಟು ಬೇಕಾದರೂ ಜಂಬ ಕೊಚ್ಚಿಕೊಳ್ಳಬಹುದು. ಆ ಹದಿನಾಲ್ಕು ಸಾವಿರದಲ್ಲಿ ದಿದಿಗೆ ಸಲ್ಲಬೇಕಾದ ತಲಾ ಐನೂರು ಸೇರಿಸಿ ‘ಹದಿನಾಲ್ಕೂವರೆ ಸಾವಿರದಲ್ಲಿ ಮುಕ್ತಿನಾಥ’ ಎಂದು ಬರೆದಿದ್ದರೆ ಲೇಖನದ ಯಾವ ಸೊಗಸು ಕೆಡುತ್ತಿತ್ತು?

ಸಂಪಾದಕರು ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ಆ ಎರಡು ಸಲಹೆಗಳಿಗೆ, ಬಿಟ್ಟಿ ರಾತ್ರಿಯದಕ್ಕೂ ಒಂದೇ ದಿನದ ಏರಿಕೆಗೂ, ತಿದ್ದುಪಡಿ ಪ್ರಕಟಿಸಬೇಕು. ಮುಂದಿನ ತಂಡದ ಪಟ್ಟಿ ಮಾಡುವವರು ಊಟದ ಹಣವನ್ನು ತಲಾವಾರು ಮೊದಲೇ ವಸೂಲು ಮಾಡಿ ಬೇರೆಯಾಗಿ ಇಡಬೇಕು.

ನಮ್ಮ ನಾಲ್ವರ ಪಾಲು 3,200 ನೇಪಾಳಿ ರೂಪಾಯಿ, ಅಂದರೆ ನಮ್ಮ ಎರಡು ಸಾವಿರವನ್ನು, ನೂರರ ಇಪ್ಪತ್ತು ನೋಟುಗಳಲ್ಲಿ ಒಂದು ಲಕೋಟೆಯಲ್ಲಿ ಹಾಕಿ ಸಂಘದ ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇವೆ. ಉಳಿದ ಐವರು ತಮ್ಮ ಪಾಲನ್ನು ಸೇರಿಸುವರೆಂದು ನಂಬಿದ್ದೇವೆ. ಹೋಗುವ ತಂಡದವರು ತಲುಪಿಸಬೇಕು. ಗುರುತು: ಘಾಸಾ ದಾಟಿದ ಮೇಲೆ ಎಡಗಡೆ, ಕಲ್ಲಿನ ಮನೆ, ನೀಲಿ ಬಾಗಿಲು, ಸೂರಿನ ಕೆಳಗೆ ಒಣಗಲು ತೂಗುಹಾಕಿದ ಮೆಕ್ಕೆಜೋಳದ ತೆನೆಗಳು. ಅವಳು ಲಕೋಟೆ ತೆಗೆದುಕೊಳ್ಳದೆ ಹೋದರೆ ಅಲ್ಲಿಯೇ ಕುಳಿತು ಅಷ್ಟೂ ದುಡ್ಡಿಗೆ ಊಟ ಮಾಡಿ ಬನ್ನಿ.